ಕಿಲೋಗೂ ಗ್ರಾಮಿಗೂ ನಡುವಿನ ಅಡ್ಡಗೀಟು

ಕೂತಲ್ಲಿ ಕೂರುವ ಸ್ವಭಾವ ನನಗೆ ಹುಟ್ಟಿನಿಂದಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಊರವರೆಲ್ಲ ಬೆಂಚಿನ ಮೇಲೆ ಕೂತಿದ್ದರೆ ನಾನೊಬ್ಬಳು ಕಂಬದಿಂದ ಕಂಬಕ್ಕೆ ಓಡಾಡುತ್ತಿರುತ್ತೇನೆ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತವಳಲ್ಲ. ಅದಕ್ಕೇ ನಮ್ಮ ಮನೆಯ ಹಾಲಿನ ಪಾತ್ರೆಯ ತಳ ಯಾವತ್ತೂ ಕರಕಲು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯೇನು ಎಂದು ಅವ್ವ ಬೈಯುತ್ತಿದ್ದಳು. ಇಂಥವಳನ್ನು ತಂದು ದಿನಕ್ಕೆ ಏಳೆಂಟು ತಾಸು ಕಂಪ್ಯೂಟರಿನ ಮುಂದೆ ಕೂರಿಸಿದರೆ ಏನಾಗಬೇಕೋ ಅದೇ ಆಯಿತು. ಅದನ್ನು ಬರೆಯಬೇಕೆಂದು ಇವತ್ತು ಕೂತಿದ್ದೇನೆ. ಇಷ್ಟು ಬರೆಯುವುದರೊಳಗೇ ಎರಡು ಸಲ ಎದ್ದು ಹೋಗಿ ಬಂದೆ.

ಇಸವಿ ಎರಡು ಸಾವಿರ ದಾಟಿ ಐದಾರು ವರ್ಷಗಳಾಗಿದ್ದವು. ಹಳಿಯಾಳದ ಒಂದು ಸಣ್ಣ ಸಂಸ್ಥೆಯಲ್ಲಿ ನನಗೆ ಕೆಲಸ. ಹಳಿಯಾಳ, ಮುಂಡಗೋಡ, ಜೋಯಿಡಾ ಈ ಮೂರೂ ತಾಲೂಕುಗಳ ಒಳಹಳ್ಳಿಗಳಲ್ಲಿ ಆ ಸಂಸ್ಥೆಯವರು ಬಾಲವಾಡಿ ನಡೆಸುತ್ತಿದ್ದರು. ಒಂದೊಂದು ಬಾಲವಾಡಿಗೆ ಒಬ್ಬೊಬ್ಬ ಅಕ್ಕೋರು, ಅಂದರೆ ಶಿಕ್ಷಕಿ. ತಿಂಗಳಿಗೊಮ್ಮೆ ಅಕ್ಕೋರು ಮನೆಯ ಜಂತಿಗೆ ಗಡಿಯಾರದಂಥ ತೂಕದ ಯಂತ್ರ ಕಟ್ಟಿ, ಚಡ್ಡಿಯ ಹಾಗೆ ಹೊಲಿದ ಚೀಲದಲ್ಲಿ ಮಗುವನ್ನು ಇಳಿಬಿಟ್ಟು, ಮುಳ್ಳು ಎಲ್ಲಿ ನಿಂತಿತು ನೋಡಿ ಚೀಟಿಯಲ್ಲಿ ಬರೆಯಬೇಕು. ಆ ಚೀಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಳಿಯಾಳಕ್ಕೆ ಬರುತ್ತಿತ್ತು. ಯಾವ ಕಂಡಕ್ಟರನೂ ಒಂದು ಚೀಟಿಯನ್ನೂ ಕಳೆಯಲಿಲ್ಲ. ಕಳೆದದ್ದು ನಮ್ಮ ಆಫೀಸಿನೊಳಗೆ ಬಂದ ಮೇಲೆ, ಅದೂ ಚೀಟಿಯಲ್ಲ.

ಮೊದಲು ಇದೆಲ್ಲ ದೊಡ್ಡ ದೊಡ್ಡ ರಿಜಿಸ್ಟರಿನಲ್ಲಿತ್ತು. ಆ ವರ್ಷ ಯುರೋಪಿನ ಯಾವುದೋ ದೇಶದಿಂದ ಸ್ವಯಂಸೇವಕಿಯಾಗಿ ಒಬ್ಬ ಹುಡುಗಿ ಬಂದಳು. ಆರು ತಿಂಗಳು ಇದ್ದು, ನಮ್ಮ ಮಂಡಕ್ಕಿ ಗಿರ್ಮಿಟ್ಟಿಗೆ ಮನಸೋತು, ಹೋಗುವ ಮೊದಲು ಆಫೀಸಿನ ಕಂಪ್ಯೂಟರಿನಲ್ಲಿ ಒಂದು ವಿಕಿ ಹಾಕಿಕೊಟ್ಟು ಹೋದಳು. ವಿಕಿ ಎಂದರೆ ನಮ್ಮಲ್ಲಿ ಯಾರು ಬೇಕಾದರೂ ತೆರೆದು ತಿದ್ದಬಹುದಾದ ಪುಟಗಳ ಕಟ್ಟು. ಒಂದು ಮಗುವಿಗೆ ಒಂದು ಪುಟ. ಈ ತಿಂಗಳ ತೂಕ ಬರೆದರೆ ಪುಟವೇ ಹೋದ ತಿಂಗಳ ತೂಕದ ಜೊತೆ ಕಳೆದು ನೋಡುತ್ತಿತ್ತು. ಏರಿದ್ದರೆ ಹಸಿರು, ಇಳಿದಿದ್ದರೆ ಕೆಂಪು. ಕೆಂಪು ಬಿದ್ದ ಮಕ್ಕಳ ಪಟ್ಟಿ ತಾನಾಗಿಯೇ ಬೇರೆ ಪುಟದಲ್ಲಿ ಬರುತ್ತಿತ್ತು. ತಿಂಗಳಿಗೊಮ್ಮೆ ಬರುತ್ತಿದ್ದ ಡಾಕ್ಟರು ಆ ಪಟ್ಟಿ ನೋಡಿ ಜೀಪು ಹತ್ತುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದ ಹಳ್ಳಿಗೆ ಜೀಪು ಹೋಗುತ್ತಿರಲಿಲ್ಲ. ಹೋಗಲು ಡೀಸೆಲ್ಲೂ ಇರಲಿಲ್ಲ, ದಿನವೂ ಇರಲಿಲ್ಲ.

ಪಟ್ಟಿ ಮೊದಲ ವಾರವೇ ಕೈಕೊಟ್ಟಿತು. ಆ ಹುಡುಗಿಯ ದೇಶದಲ್ಲಿ ಸಾವಿರವನ್ನು ಬಿಡಿಸಲು ಚುಕ್ಕಿ ಇಡುತ್ತಾರೆ, ಕಿಲೋದ ಆಚೆಗಿನ ಗ್ರಾಮನ್ನು ಬಿಡಿಸಲು ಅಲ್ಪವಿರಾಮ. ನಮ್ಮಲ್ಲಿ ಅದರ ಉಲ್ಟಾ. ಆರೂವರೆ ಕಿಲೋ ಎಂದು ನಾನು 6.500 ಬರೆದರೆ ಪುಟ ಅದನ್ನು ಆರು ಸಾವಿರದ ಐನೂರು ಕಿಲೋ ಎಂದು ಓದಿತು. ನಮ್ಮ ಸಂಸ್ಥೆಯ ಹಿರಿಯರು ಕನ್ನಡಕ ಏರಿಸಿ ನೋಡಿ, ದಾಂಡೇಲಿ ಕಾಡಿನ ಆನೆಯನ್ನು ಯಾರು ತಂದು ಚಡ್ಡಿಯಲ್ಲಿ ಕೂರಿಸಿದರು ಎಂದು ಕೇಳಿದರು. ಆಫೀಸೆಲ್ಲ ನಕ್ಕಿತು. ನನಗೆ ಮಾತ್ರ ಮೈ ಉರಿಯಿತು. ಆ ಹುಡುಗಿಗೆ ಇ-ಮೇಲ್ ಕಳಿಸಿ, ಅವಳ ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲದೆ ನಾನೇ ಒಳಗೆ ಕೈಹಾಕಿದೆ. ಯಾವ ಪುಟದಲ್ಲಿ ಯಾವ ಸೂತ್ರ ಕೂತಿದೆ ಎಂದು ತಿಳಿಯಲು ನಾಲ್ಕು ದಿನ ಹಿಡಿಯಿತು. ಚುಕ್ಕಿ, ಅಲ್ಪವಿರಾಮಗಳನ್ನು ಅದಲುಬದಲು ಮಾಡಿದೆ. ಆನೆ ಮಗುವಾಯಿತು.

ಆಮೇಲೆ ಎದ್ದದ್ದು ಕನ್ನಡ ಅಂಕಿಗಳ ತಂಟೆ. ಅಕ್ಕೋರುಗಳಲ್ಲಿ ಅರ್ಧಕ್ಕರ್ಧ ಜನ ೬, ೭, ೮ ಎಂದೇ ಬರೆಯುವವರು. ಚೀಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹಾಕಬೇಕು, ತಲೆಯಲ್ಲಿ ತಿರುವಿ ಹಾಕಬಾರದು, ತಿರುವಿದರೆ ಅಲ್ಲಿಯೇ ತಪ್ಪಾಗುವುದು ಎಂದು ಆ ಹುಡುಗಿ ಹೋಗುವಾಗ ಬರೆದಿಟ್ಟಿದ್ದಳು. ಟೈಪು ಮಾಡುವವರು ನಾವು ನಾಲ್ವರಿದ್ದೆವು. ಒಬ್ಬೊಬ್ಬರು ಒಂದೊಂದು ರೀತಿ ತಿರುವಿದರೆ ಗತಿಯೇನು ಎಂಬುದು ಅವಳ ಮಾತು. ಬುದ್ಧಿಯ ಮಾತೇ. ಆದರೆ ಪುಟಕ್ಕೆ ಕನ್ನಡದ ಆರು ಒಂದು ಅಕ್ಷರ, ಅಂಕಿಯಲ್ಲ. ಅದು ಮುಖ ಕೆಂಪಗೆ ಮಾಡಿಕೊಂಡು ತಪ್ಪು ಎನ್ನುತ್ತಿತ್ತು. ಒಂದೊಂದೇ ಅಂಕಿಗೆ ಇದು ಇದಕ್ಕೆ ಸಮ ಎಂದು ಬರೆದು, ಸೊನ್ನೆಯಿಂದ ಒಂಬತ್ತರವರೆಗೆ ಬಂದು ಅದನ್ನೂ ಮುಗಿಸಿದೆ.

ಕೊನೆಗೆ ಉಳಿದದ್ದು ಅಡ್ಡಗೀಟು. ನಮ್ಮ ಕಡೆ ತೂಕ ಬರೆಯುವವರು ಚುಕ್ಕಿ ಇಡುವುದಿಲ್ಲ. ಏಳು ಕಿಲೋ ಐನೂರು ಗ್ರಾಮ್ ಇದ್ದರೆ 7-500 ಎಂದು ನಡುವೆ ಅಡ್ಡಗೀಟು ಎಳೆಯುತ್ತಾರೆ. ಪುಟ ಅದನ್ನು ಏಳರಲ್ಲಿ ಐನೂರು ಕಳೆ ಎಂದು ಓದಿತು. ಮುಂಡಗೋಡದ ಒಂದು ಗುಂಡು ಮಗುವಿನ ತೂಕ ಮೈನಸ್ ನಾನೂರ ತೊಂಬತ್ತಮೂರು ಕಿಲೋ ಆಯಿತು. ಈ ಸಲ ನಾನೂ ನಕ್ಕೆ. ನಗುತ್ತಲೇ ಒಂದು ಸಾಲಿನ ಸೂತ್ರ ಬರೆದೆ: ಅಡ್ಡಗೀಟು ಕಂಡಲ್ಲೆಲ್ಲ ಚುಕ್ಕಿ ಇಡು. ಹಳಿಯಾಳದ ಚೀಟಿ ಹಾಕಿ ನೋಡಿದೆ, ಸರಿ. ಮುಂಡಗೋಡದ ಚೀಟಿ ಹಾಕಿ ನೋಡಿದೆ, ಸರಿ. ಜೋಯಿಡಾದ ಚೀಟಿ ಹಾಕಿ ನೋಡಲಿಲ್ಲ. ಮೂರನೆಯದನ್ನು ನೋಡುವಷ್ಟು ಹೊತ್ತು ಕೂರಲು ನನ್ನಿಂದ ಆಗಲಿಲ್ಲ, ಎದ್ದು ಚಹಾಕ್ಕೆ ಹೋದೆ.

ನಾನು ಹುಟ್ಟಿದ್ದು ಹಳಿಯಾಳದಲ್ಲಿ, ರೈತರ ಕಾಳು ತೂಗಿ ಮಾರಿಸುವ ಅಡತಿ ಅಂಗಡಿಯ ಮನೆಯಲ್ಲಿ. ಹಣೆಗೆ ವಿಭೂತಿ ಹಚ್ಚಿಕೊಂಡು ಅಪ್ಪ ಬೆಳಿಗ್ಗೆಯೇ ಗಾದಿಯ ಮೇಲೆ ಕೂತರೆ ಭತ್ತ, ಗೋವಿನಜೋಳದ ಚೀಲಗಳು ಒಂದರ ಹಿಂದೆ ಒಂದು ಕಾಟಾ ಹತ್ತುತ್ತಿದ್ದವು. ಅಲ್ಲಿ 6-50 ಎಂದರೆ ಆರು ಕ್ವಿಂಟಲ್ ಐವತ್ತು ಕಿಲೋ. ಕ್ವಿಂಟಲಿಗೆ ನೂರು ಕಿಲೋ, ಹಾಗಾಗಿ ಐವತ್ತು ಅಂದರೆ ಅರ್ಧ, ಒಟ್ಟು ಆರೂವರೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ನೀರು ಕುಡಿದ ಹಾಗೆ ಬಂದದ್ದು. ಮುಂಡಗೋಡದ ಅಕ್ಕೋರುಗಳಲ್ಲೂ ಸುಮಾರು ಜನ ಇಂಥ ಮನೆಗಳವರೇ. ಆರೂವರೆ ಕಿಲೋದ ಮಗುವಿಗೂ ಅವರು ಕೊನೆಯ ಸೊನ್ನೆ ಬಿಟ್ಟು 6-50 ಎಂದೇ ಬರೆಯುತ್ತಿದ್ದರು. ನನ್ನ ಸೂತ್ರ ಅದನ್ನು 6.50 ಮಾಡುತ್ತಿತ್ತು. ಎಲ್ಲ ಸರಿಯಾಗಿತ್ತು. ಕಿಲೋಗೆ ನೂರಲ್ಲ, ಸಾವಿರ ಗ್ರಾಮ್ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಜೋಯಿಡಾದಿಂದ ಅಣಶಿಗೆ ಹೋಗುವ ರಸ್ತೆಯಿಂದ ಕಾಡಿನೊಳಗೆ ಒಂದು ತಾಸಿನ ದಾರಿಯಲ್ಲಿ ಹತ್ತಿಪ್ಪತ್ತು ಮನೆಗಳ ಒಂದು ಕೇರಿ. ಅಲ್ಲಿಯ ಅಕ್ಕೋರು ಐವತ್ತರ ಆಸುಪಾಸಿನ ವಿಧವೆ. ಹುಟ್ಟಿದ್ದು ದಾಂಡೇಲಿ ಪಕ್ಕದ ಕೋಗಿಲಬನದಲ್ಲಿ, ಮದುವೆಯಾಗಿ ಸೇರಿದ್ದು ಈ ಕಾಡಿಗೆ. ಕೇರಿಯವರ ಜೊತೆ ಕೊಂಕಣಿ, ನಮ್ಮ ಜೊತೆ ನಮ್ಮ ಕನ್ನಡ. ಅವರ ಚೀಟಿ ಬೇರೆಯವರದ್ದಕ್ಕಿಂತ ಚೊಕ್ಕ. ತೂಕದ ಯಂತ್ರದಲ್ಲಿ ನೂರು ನೂರು ಗ್ರಾಮಿಗೆ ಒಂದು ಗೆರೆ; ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಉಳಿದವರು ಯಾವುದೋ ಒಂದು ಗೆರೆಯನ್ನು ಹಿಡಿದು ಬರೆದುಬಿಡುತ್ತಿದ್ದರು. ಇವರು ಮಾತ್ರ ನಡುವೆ ನಿಂತದ್ದನ್ನು ಐವತ್ತು ಎಂದು ಬರೆಯುವವರು. ಆ ಕೇರಿಯಲ್ಲಿ ವರ್ಷ ದಾಟಿ ಎರಡು ತಿಂಗಳಾಗಿದ್ದ ಒಂದು ಹೆಣ್ಣುಮಗು ಇತ್ತು. ಮಾಘ ಮಾಸದ ಚೀಟಿಯಲ್ಲಿ ಅದರ ತೂಕ 6-50 ಎಂದಿತ್ತು. ಹಿಂದಿನ ತಿಂಗಳದ್ದು 6-400. ನನ್ನ ಪುಟ 6.400 ಹೋಗಿ 6.50 ಆಯಿತು, ನೂರು ಗ್ರಾಮ್ ಏರಿತು ಎಂದು ಹಸಿರು ತೋರಿಸಿತು. ಪಟ್ಟಿಯಲ್ಲಿ ಆ ಕೇರಿ ಬರಲಿಲ್ಲ. ಜೀಪು ಹೋಗಲಿಲ್ಲ.

ಅಕ್ಕೋರು ದೊಡ್ಡ ರಸ್ತೆಯ ಮೇಲಿನ ಕುಂಬಾರವಾಡದವರೆಗೆ ಬಂದು ಟೆಲಿಫೋನ್ ಬೂತಿನಿಂದ ಆಫೀಸಿಗೆ ಫೋನು ಮಾಡಿದರು. ಎತ್ತಿಕೊಂಡವಳು ನಾನೇ. ಆ ಮಗುವಿನ ತೂಕ ಇಳಿದಿದೆ, ಭೇದಿ ನಿಲ್ಲುತ್ತಿಲ್ಲ, ಜೀಪು ಯಾಕೆ ಬರಲಿಲ್ಲ ಎಂದು ಕೇಳಿದರು. ನಾನು ಪುಟ ತೆರೆದು ನೋಡಿ, ಇಳಿದಿಲ್ಲ, ಏರಿದೆ ಎಂದೆ. ಇಲ್ಲರೀ, ನಾನೇ ತೂಗಿದ್ದೇನೆ ಎಂದರು. ಆವತ್ತು ನನ್ನ ಮುಂದೆ ಚೀಟಿಗಳ ಗುಡ್ಡ ಬಿದ್ದಿತ್ತು, ಕರೆಂಟು ಮೂರು ಸಲ ಹೋಗಿ ಬಂದಿತ್ತು, ಸಿಟ್ಟು ಮೂಗಿನ ತುದಿಯಲ್ಲೇ ಕೂತಿತ್ತು. ಎಷ್ಟಿತ್ತು, ಎಷ್ಟಾಯಿತು ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದನ್ನು ಬಿಟ್ಟು, ಕಂಪ್ಯೂಟರು ಸುಳ್ಳು ಹೇಳುತ್ತದೆಯೇ, ನಿಮಗೆ ಮುಳ್ಳು ಸರಿಯಾಗಿ ಕಂಡಿರಲಿಕ್ಕಿಲ್ಲ, ಕನ್ನಡಕ ಮಾಡಿಸಿಕೊಳ್ಳಿ ಎಂದುಬಿಟ್ಟೆ.

"ಇರಬೇಕ್ರಿ ಬಾಯಾರ," ಎಂದರು ಅಕ್ಕೋರು. "ಕಣ್ಣು ಮೊದಲಿನಂಗ ಉಳದಿಲ್ಲ."

ಫೋನಿಟ್ಟೆ. ಮುಂದಿನ ಚೀಟಿ ತೆಗೆದುಕೊಂಡೆ. ನನ್ನ ಜೀವಮಾನದಲ್ಲಿ ನಾನು ಎಷ್ಟೋ ಜನರ ಮೇಲೆ ಎಗರಾಡಿದ್ದೇನೆ, ಮರೆತೂ ಇದ್ದೇನೆ. ಇದೊಂದು ಮಾತ್ರ ಈಗಲೂ ಅನ್ನದ ಮುಂದೆ ಕೂತಾಗ ನೆನಪಾಗುತ್ತದೆ.

ತಿಂಗಳು ಕಳೆದು ಅದೇ ಕೇರಿಯ ಹೊಸ ಚೀಟಿ ಬಂತು. ಮೊದಲು ಒಂದು ಗಂಡುಮಗುವಿನ ತೂಕ ಹಾಕಿದೆ, 8-100. ಪುಟ ಕೆಂಪಾಯಿತು, ನಾನೂರು ಗ್ರಾಮ್ ಇಳಿದಿದೆ ಎಂದಿತು. ಚೀಟಿಯ ಬದಿಗೆ ಅಕ್ಕೋರು ಚೆನ್ನಾಗಿ ಉಣ್ಣುತ್ತಾನೆ ಎಂದು ಬರೆದಿದ್ದರು. ಚೆನ್ನಾಗಿ ಉಣ್ಣುವ ಮಗು ನಾನೂರು ಗ್ರಾಮ್ ಇಳಿಯುವುದೇ? ಮುಂದೆ ಆ ಹೆಣ್ಣುಮಗುವಿನದು ಹಾಕಿದೆ, 5-900. ಅದೂ ಕೆಂಪು, ಆರುನೂರು ಗ್ರಾಮ್ ಇಳಿದಿದೆ ಎಂದಿತು. ಒಂದೇ ತಿಂಗಳಲ್ಲಿ ಆರುನೂರು. ನೋಡಿದಿರಾ, ಈ ಅಕ್ಕೋರಿಗೆ ಕಣ್ಣೇ ಹೋಗಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಅವರ ತಪ್ಪನ್ನು ಅವರ ಅಕ್ಷರದಲ್ಲೇ ತೋರಿಸಬೇಕೆಂದು ಹಟ ಹತ್ತಿ, ಹಳೆಯ ಚೀಟಿಗಳ ಕಟ್ಟು ಬಿಚ್ಚಿ ಮೂರು ತಿಂಗಳದ್ದನ್ನು ಮೇಜಿನ ಮೇಲೆ ಸಾಲಾಗಿ ಹಾಸಿದೆ.

ಗಂಡುಮಗುವಿನದು 7-900, ಆಮೇಲೆ 8-50, ಈಗ 8-100. ಬಾಯಿಬಿಟ್ಟು ಓದಿದೆ. ಏಳು ಕಿಲೋ ಒಂಬೈನೂರು, ಎಂಟು ಕಿಲೋ ಐವತ್ತು, ಎಂಟು ಕಿಲೋ ನೂರು. ಓದಿದ್ದು ಕಿವಿಗೆ ಬಿದ್ದ ಮೇಲೆಯೇ ತಿಳಿಯಿತು. ಅದು ಎಂಟೂವರೆ ಅಲ್ಲ. ಎಂಟು ಕಿಲೋ, ಮೇಲೆ ಬರೀ ಐವತ್ತು ಗ್ರಾಮ್. ಆ ಮಗು ತಿಂಗಳು ತಿಂಗಳೂ ಏರುತ್ತಲೇ ಬಂದಿತ್ತು. ಅಕ್ಕೋರು ಗ್ರಾಮನ್ನು ಗ್ರಾಮಿನ ಹಾಗೆಯೇ ಬರೆಯುತ್ತಿದ್ದರು. ಐವತ್ತನ್ನು ಅರ್ಧ ಮಾಡಿದವಳು ನಾನು. ಹೆಣ್ಣುಮಗುವಿನದನ್ನು ಓದಿದೆ. ಆರು ಕಿಲೋ ನಾನೂರು. ಆರು ಕಿಲೋ ಐವತ್ತು. ಐದು ಕಿಲೋ ಒಂಬೈನೂರು. ಹೋದ ತಿಂಗಳೇ ಮುನ್ನೂರ ಐವತ್ತು ಗ್ರಾಮ್ ಇಳಿದಿತ್ತು. ಏರಿದೆ ಎಂದು ಹೇಳಿದ್ದೆ, ಕನ್ನಡಕದ ಮಾತೂ ಆಡಿದ್ದೆ.

ಅಂದು ಡಾಕ್ಟರು, ಹಿರಿಯರು, ಜೀಪು ಎಲ್ಲ ಮುಂಡಗೋಡದ ಕಡೆ. ಫೋನು ಹಚ್ಚಿದರೆ ಸಂಜೆಗೆ ಬರುತ್ತಾರೆ ಎಂದರು. ಸಂಜೆಯವರೆಗೆ ಕಾಯುವುದು ಯಾರಿಂದ ಸಾಧ್ಯ? ಮೂರೂ ಚೀಟಿಗಳನ್ನು ಚೀಲಕ್ಕೆ ತುರುಕಿ ಬಸ್ ಸ್ಟ್ಯಾಂಡಿಗೆ ಓಡಿದೆ. ಆ ದಾರಿ ಯಾವತ್ತೂ ಅಷ್ಟು ಉದ್ದವಿರಲಿಲ್ಲ. ಬಿದಿರು ಹೇರಿದ ಲಾರಿಗಳು ಮುಂದೆ ಸಾಲುಗಟ್ಟಿ ತೆವಳುತ್ತಿದ್ದವು. ದಾಂಡೇಲಿ ಮುಟ್ಟುವ ಹೊತ್ತಿಗೆ ಕಾಗದದ ಮಿಲ್ಲಿನ ಶಿಫ್ಟು ಬಿಟ್ಟು ರಸ್ತೆಯ ತುಂಬ ಸೈಕಲ್ಲು. ಜೋಯಿಡಾ ಮೇಲೆ ಹೋಗುವ ಕಾರವಾರದ ಬಸ್ಸು ಇನ್ನೂ ಬಂದಿಲ್ಲ ಎಂದರು. ಸ್ಟ್ಯಾಂಡಿನಲ್ಲಿ ಎಷ್ಟು ಸುತ್ತು ಹಾಕಿದೆನೋ, ಶೇಂಗಾ ಮಾರುವ ಮುದುಕಿ ಕರೆದು, ಏನು ಕಳಕೊಂಡೀಯವ್ವಾ ಎಂದು ಕೇಳಿದಳು.

ಬಸ್ಸು ಸಿಕ್ಕಿತು. ಜೋಯಿಡಾದಲ್ಲಿ ಡ್ರೈವರು ಚಹಾ ಕುಡಿಯಲು ಇಳಿದವನು ಹತ್ತು ನಿಮಿಷವಾದರೂ ಏಳಲಿಲ್ಲ. ನಾನು ಹೋಟೆಲಿನ ಬಾಗಿಲಿಗೇ ಹೋಗಿ ನಿಂತು ಬೈದೆ. ಅವನು ತಿರುಗಿ ಬೈಯಲಿಲ್ಲ, ಮುಖ ನೋಡಿ ಅರ್ಧ ಕಪ್ಪು ಬಿಟ್ಟು ಎದ್ದ. ಆ ಮಗು ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಚೀಟಿ ಬರೆದು ನಾಲ್ಕು ದಿನಗಳಾಗಿದ್ದವು. ಭೇದಿ ಹತ್ತಿದ ಮಗುವಿಗೆ ನಾಲ್ಕು ದಿನ ಎಂದರೆ ಎಷ್ಟು ಎಂದು ಲೆಕ್ಕ ಹಾಕುವುದನ್ನು ನನ್ನ ತಲೆ ಬಿಡಲೊಲ್ಲದು. ದೇವರೇ, ನನ್ನ ಕೆಲಸ ಹೋಗಲಿ, ಮಾನ ಹೋಗಲಿ, ಅದೊಂದು ಇರಲಿ ಎಂದು ಬೇಡಿಕೊಂಡೆ. ರಸ್ತೆಯಲ್ಲಿ ಇಳಿದು ಒಣಗಿದ ಎಲೆ ತುಳಿಯುತ್ತ ಒಳಗೆ ನಡೆದೆ. ನಡೆದೆ ಎನ್ನುವುದಕ್ಕಿಂತ ಓಡಿದೆ.

ಬಾಲವಾಡಿಯ ಅಂಗಳದಲ್ಲಿ ಅಕ್ಕೋರು ಮಕ್ಕಳಿಗೆ ಗಂಜಿ ಬಡಿಸುತ್ತಿದ್ದರು. ನಾನು ಮೊದಲು ಕೇಳಿದ್ದೇ ಆ ಮಗು ಎಲ್ಲಿ ಎಂದು. ಮನೆಯಲ್ಲಿದೆ, ಮಲಗಿದೆ, ಎರಡು ದಿನದಿಂದ ಕಣ್ಣು ಬಿಡುವುದೂ ಕಡಿಮೆ ಎಂದರು. ಇದೆ ಎಂದು ಕೇಳಿದೊಡನೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ಚೀಟಿಗಳನ್ನು ತೆಗೆದು ತೋರಿಸಿದೆ. ನಮ್ಮ ಕಡೆ ಐವತ್ತೆಂದರೆ ಅರ್ಧ, ನಾನು ನಿಮ್ಮದನ್ನೂ ಹಾಗೇ ಮಾಡಿಬಿಟ್ಟೆ, ನೀವು ಬರೆದದ್ದು ಸರಿಯಿತ್ತು ಎಂದು ಒಂದೇ ಉಸಿರಿನಲ್ಲಿ ಒದರಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಸೌಟು ಕೆಳಗಿಟ್ಟರು.

"ಹಂಗಾರ ನನ್ನ ಕಣ್ಣು ಸರಿ ಇದ್ವೇನ್ರಿ?" ಎಂದು ಕೇಳಿದರು.

ನನ್ನ ಫೋನಿನ ಮಾತು ಕೇಳಿದ ಮೇಲೆ ಅವರಿಗೆ ತಮ್ಮ ಮೇಲೆಯೇ ಭರವಸೆ ಹೋಗಿತ್ತಂತೆ. ಈ ತಿಂಗಳು ಮುಳ್ಳನ್ನು ತಾವು ನೋಡದೆ ಪಕ್ಕದ ಮನೆಯ ಹೆಂಗಸನ್ನು ಕರೆದು ಓದಿಸಿದ್ದರು. ಆ ಮಗುವಿನ ತಾಯಿಗೂ, ನನಗೆ ತಪ್ಪು ಕಂಡಿರಬೇಕು, ಆಫೀಸಿನ ಕಂಪ್ಯೂಟರು ತೂಕ ಏರಿದೆ ಎನ್ನುತ್ತದೆ, ಹೆದರಬೇಡ ಎಂದು ಹೇಳಿದ್ದರು. ತಾಯಿ ಆಸ್ಪತ್ರೆಗೆ ಹೋಗಲೆಂದು ಗಂಟು ಕಟ್ಟಿದ್ದವಳು ಆ ಮಾತು ಕೇಳಿ ಗಂಟು ಬಿಚ್ಚಿದ್ದಳು.

ಇಬ್ಬರೂ ಅವಳ ಮನೆಗೆ ಹೋದೆವು. ಸಣ್ಣ ವಯಸ್ಸಿನ ಹೆಂಗಸು. ಗಂಡ ಗೋವಾದಲ್ಲಿ ಕೂಲಿಗೆ ಹೋಗಿದ್ದ. ಮಗು ಅವಳ ತೊಡೆಯ ಮೇಲಿತ್ತು. ಕಣ್ಣು ಒಳಗೆ ಹೋಗಿ, ತುಟಿ ಒಣಗಿ, ಕೈ ಬೆರಳಿನಲ್ಲಿ ಹಿಡಿಯುವ ಶಕ್ತಿಯೂ ಇರಲಿಲ್ಲ. ಎಷ್ಟು ಸಲ ಈ ಮಗುವಿನ ಪುಟ ತೆರೆದಿದ್ದೆ, ಮುಖ ನೋಡಿದ್ದು ಅಂದೇ ಮೊದಲು. ಈಗಲೇ ದಾಂಡೇಲಿ ಆಸ್ಪತ್ರೆಗೆ ಹೋಗಬೇಕು, ಸಂಜೆಯ ಬಸ್ಸು ಹಿಡಿಯಬೇಕು ಎಂದೆ. ಅಕ್ಕೋರು ಅದನ್ನು ಕೊಂಕಣಿಯಲ್ಲಿ ಹೇಳಿದರು. ತಾಯಿ ಏಳಲಿಲ್ಲ. ನನ್ನ ಮುಖವನ್ನೇ ನೋಡಿ, ತಡೆತಡೆದು ಕನ್ನಡದಲ್ಲೇ ಮಾತಾಡಿದಳು.

"ಹೋದ ತಿಂಗಳ ಏರೇತಿ ಅಂದ್ರಿ. ಈಗ ಇಳದೈತಿ ಅಂತೀರಿ. ಖರೆ ಯಾವುದು?"

ನನ್ನ ಬಾಯಿ ಯಾವತ್ತೂ ಸುಮ್ಮನಿರುವ ಬಾಯಿಯಲ್ಲ. ಕಂಪ್ಯೂಟರಿನ ತಪ್ಪು ಎನ್ನಬಹುದಿತ್ತು, ಆ ಕೇರಿಯಲ್ಲಿ ಅದನ್ನು ಅಲ್ಲಗಳೆಯುವವರು ಯಾರೂ ಇರಲಿಲ್ಲ. ಊರಿಗೆ ಹೋದ ಆ ಹುಡುಗಿಯ ತಲೆಗೂ ಕಟ್ಟಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದಿದ್ದವು, ಸುಳ್ಳೇಕೆ ಹೇಳಲಿ. ಅಕ್ಕೋರು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರ ಮುಂದೆ ಆ ಮಾತು ಹೊರಡಲಿಲ್ಲ.

"ಹೋದ ತಿಂಗಳದ್ದು ಸುಳ್ಳು," ಎಂದೆ. "ಅಕ್ಕೋರು ಬರೆದದ್ದು ಖರೆ ಇತ್ತು. ಸುಳ್ಳು ಮಾಡಿದಾಕಿ ನಾನು."

ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಬಹಳ ಹೊತ್ತು ಅಕ್ಕೋರ ಜೊತೆ ಕೊಂಕಣಿಯಲ್ಲಿ ಮಾತಾಡಿದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. ನಾನು ಬಾಗಿಲಿಗೂ ಅಂಗಳಕ್ಕೂ ಎಡತಾಕುತ್ತಿದ್ದೆ. ಬಸ್ಸಿನ ಹೊತ್ತು ಸಮೀಪಿಸುತ್ತಿತ್ತು, ಕಾಲಿನ ಕೆಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ಕೊನೆಗೆ ಅಕ್ಕೋರು ಹೊರಗೆ ಬಂದರು. ನಿಮ್ಮ ಜೊತೆ ಬರುವುದಿಲ್ಲವಂತೆ, ನಾನು ಬಂದರೆ ಬರುತ್ತಾಳಂತೆ ಎಂದು ಹೇಳಿ, ಬಾಲವಾಡಿಗೆ ಬೀಗ ಹಾಕಲು ಹೋದರು.

ದಾರಿಯಲ್ಲಿ ಮಗುವನ್ನು ಸ್ವಲ್ಪ ದೂರ ನಾನು ಎತ್ತಿಕೊಳ್ಳುತ್ತೇನೆ ಎಂದೆ. ಅವಳು ಕೊಡಲಿಲ್ಲ. ದಣಿದಾಗ ಅಕ್ಕೋರಿಗೆ ಕೊಟ್ಟಳು, ಮತ್ತೆ ತಾನೇ ತೆಗೆದುಕೊಂಡಳು. ನಾನು ಅವಳ ಬಟ್ಟೆಯ ಗಂಟು ಹೊತ್ತು ಮುಂದೆ ಹೋಗುವುದು, ಅವರಿಲ್ಲವೆಂದು ಮತ್ತೆ ಹಿಂದೆ ಬರುವುದು, ಹೀಗೆ ಒಂದು ದಾರಿಯನ್ನು ಎರಡು ಸಲ ನಡೆದೆ. ಬಸ್ಸು ಸಿಕ್ಕಿತು. ಆಸ್ಪತ್ರೆಯಲ್ಲಿ ಕೂಡಲೇ ಸಲೈನು ಹಚ್ಚಿದರು.

ಮಗು ಬದುಕಿತು. ಅದನ್ನು ಕೊನೆಗೆಂದು ಕಾದಿಟ್ಟು ಹೇಳುವ ಜಾಯಮಾನ ನನ್ನದಲ್ಲ. ಆದರೆ ಮೊದಲ ಮೂರು ದಿನ ಡಾಕ್ಟರು ಏನೂ ಹೇಳಲಾಗದು ಎನ್ನುತ್ತಿದ್ದರು. ಇನ್ನೊಂದು ವಾರ ತಡವಾಗಿದ್ದರೆ ಎಂದು ಮಾತು ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಆ ಮೂರು ದಿನ ನಾನು ಉಂಡದ್ದು ನೆನಪಿಲ್ಲ. ಹಳಿಯಾಳಕ್ಕೆ ಹೋಗಿ ಎಲ್ಲ ಬಾಲವಾಡಿಗಳ ಹಳೆಯ ಚೀಟಿಗಳನ್ನೂ ಒಂದೊಂದಾಗಿ ಬಾಯಿಬಿಟ್ಟು ಓದಿದೆ. ಇಳಿದ ತೂಕಕ್ಕೆ ಹಸಿರು ಬಿದ್ದದ್ದು ಬೇರೆ ಯಾವ ಮಗುವಿಗೂ ಆಗಿರಲಿಲ್ಲ. ಪುಟವನ್ನು ಬದಲಾಯಿಸಿದೆ. ಕಿಲೋಗೆ ಬೇರೆ ಡಬ್ಬಿ, ಗ್ರಾಮಿಗೆ ಬೇರೆ ಡಬ್ಬಿ, ಗ್ರಾಮಿನದರಲ್ಲಿ ಮೂರು ಅಂಕಿ ಇಲ್ಲದಿದ್ದರೆ ಪುಟ ಮುಂದಕ್ಕೆ ಹೋಗದು. ಎರಡು ಅಂಕಿ ಇದ್ದರೆ ತಲೆ ಓಡಿಸಬೇಡಿ, ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿ ಅಕ್ಕೋರನ್ನೇ ಕೇಳಿ ಎಂದು ಪುಟದ ಮೇಲೆಯೇ ಬರೆದೆ. ಇಷ್ಟಕ್ಕೆಲ್ಲ ಹಿಡಿದದ್ದು ಅರ್ಧ ತಾಸು. ಹಿರಿಯರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಈ ತಪ್ಪು ನನಗೂ ಆಗುತ್ತಿತ್ತು, ನಾನೂ ಐವತ್ತೆಂದರೆ ಅರ್ಧ ಎನ್ನುವವನೇ ಎಂದರು. ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಫೋನಿನಲ್ಲಿ ಎಗರಾಡಿದವಳು ನಾನೊಬ್ಬಳೇ.

ಹದಿನೈದನೇ ದಿನಕ್ಕೆ ಮನೆಗೆ ಕಳಿಸುತ್ತೇವೆ ಎಂದರು. ಕರೆದುಕೊಂಡು ಹೋಗಲು ಅಕ್ಕೋರು ಕಾಡಿನಿಂದ ಬಂದಿದ್ದರು. ಮಗು ತಾಯಿಯ ಸೆರಗು ಬಾಯಿಗೆ ಹಾಕಿಕೊಂಡು ಎಳೆಯುತ್ತಿತ್ತು. ನರ್ಸು ಅದನ್ನು ತಕ್ಕಡಿಯ ಮೇಲೆ ಮಲಗಿಸಿ, ತೂಕವನ್ನು ಕಾಗದದ ಮೇಲೆ ಬರೆದು ನನ್ನ ಕೈಗೆ ಕೊಟ್ಟಳು. ಹತ್ತಿರ ಇದ್ದವಳು ನಾನು. ತಾಯಿ ಎಷ್ಟು ಎಂದು ಕೇಳಿದಳು. ಈ ಎರಡು ವಾರಗಳಲ್ಲಿ ದಿನವೂ ಬಂದು ಹೋಗಿದ್ದೆ, ಅವಳಿಗೆ ಊಟದ ಡಬ್ಬಿ ತಂದಿದ್ದೆ, ಆದರೆ ನನ್ನನ್ನು ಅವಳು ಏನಾದರೂ ಕೇಳಿದ್ದು ಅದೇ ಮೊದಲು. ಅಂಕಿ ನೋಡಿದೆ, ಇನ್ನೊಮ್ಮೆ ನೋಡಿದೆ.

"ಆರು ಕಿಲೋ, ಮ್ಯಾಲೆ ಮುನ್ನೂರ ಐವತ್ತು ಗ್ರಾಮ್," ಎಂದೆ. "ಏರೇತಿ."

ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಅಕ್ಕೋರ ಕೈಗೆ ಕೊಟ್ಟಳು. ಅಕ್ಕೋರು ಅದನ್ನು ಕಣ್ಣಿನಿಂದ ದೂರ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ಓದಿದರು. ಓದಿ ಹೌದು ಎಂದು ತಲೆಯಾಡಿಸಿದರು. ಆಮೇಲೆಯೇ ಅವಳು ಮಗುವನ್ನು ಎತ್ತಿಕೊಂಡು ನಕ್ಕಿದ್ದು.